ಇಲ್ಲದ ದುಡ್ಡನ್ನು ಉಳಿಸುವ ವಿದ್ಯೆ

ಮೊನ್ನೆ ನಮ್ಮ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಡಮಕ್ಕಳಿಗೆ ದುಡ್ಡಿನ ಪಾಠ ನಡೆಯಿತು. ಆರ್ಥಿಕ ಸಾಕ್ಷರತಾ ಕಾರ್ಯಾಗಾರ ಎಂದು ಬ್ಯಾನರ್ ಕಟ್ಟಿದ್ದರು. ಬ್ಯಾನರ್ ತುಂಬ ಗಣ್ಯರ ಮುಖಗಳು. ಮುಖಗಳ ನಡುವೆ ಉಳಿದ ಜಾಗದಲ್ಲಿ ವಿಷಯ.

ಬ್ಯಾಂಕಿನಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನು ಎಂಬ ಒಂದೇ ಅರ್ಹತೆಯ ಮೇಲೆ ನನಗೂ ವೇದಿಕೆಯಲ್ಲಿ ಕುರ್ಚಿ ಸಿಕ್ಕಿತು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಮೈಕು ಕೊಡಲಿಲ್ಲ. ಅದಕ್ಕೇ ಈ ಬರಹ.

ಬೆಂಗಳೂರಿನಿಂದ ಒಬ್ಬ ಸಂಪನ್ಮೂಲ ವ್ಯಕ್ತಿ ಬಂದಿದ್ದರು. ಪದ ಚೆನ್ನಾಗಿದೆ. ಸಂಪನ್ಮೂಲ ಉಳ್ಳ ವ್ಯಕ್ತಿ ವೇದಿಕೆಯ ಮೇಲೆ, ಸಂಪನ್ಮೂಲ ಇಲ್ಲದ ಇನ್ನೂರು ವ್ಯಕ್ತಿಗಳು ಕೆಳಗೆ. ಮೇಲಿದ್ದವರು ಕೆಳಗಿದ್ದವರಿಗೆ ಹೇಳಿದ್ದಿಷ್ಟು: ನೀವು ಬಡವರಾಗಿರುವುದು ನಿಮಗೆ ಉಳಿತಾಯದ ಶಿಸ್ತು ಇಲ್ಲದಿರುವುದರಿಂದ. ಮಾತು ಇಷ್ಟು ಒರಟಾಗಿರಲಿಲ್ಲ. ಸ್ಲೈಡಿನಲ್ಲಿ ಹೂವಿನ ಚಿತ್ರವಿತ್ತು.

ಮೊದಲ ಸೂತ್ರ 50-30-20. ಬಂದ ದುಡ್ಡಿನಲ್ಲಿ ಐವತ್ತು ಪಾಲು ಅಗತ್ಯಕ್ಕೆ, ಮೂವತ್ತು ಪಾಲು ಆಸೆಗೆ, ಇಪ್ಪತ್ತು ಪಾಲು ಉಳಿತಾಯಕ್ಕೆ. ದಿನಕ್ಕೆರಡು ಟೀ ಬಿಟ್ಟರೆ ಮುಪ್ಪಿನಲ್ಲಿ ಎಷ್ಟು ಲಕ್ಷವಾಗುತ್ತದೆ ಎಂದು ಗ್ರಾಫ್ ತೋರಿಸಿದರು. ಗ್ರಾಫ್ ಛಾವಣಿಗೆ ತಾಗುತ್ತಿತ್ತು.

ಈ ಸೂತ್ರಕ್ಕೊಂದು ಕಥೆ ಇದೆ. ಇದನ್ನು ಜನಪ್ರಿಯ ಮಾಡಿದವರು ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು, 2005ರಲ್ಲಿ ಬಂದ ಒಂದು ಪುಸ್ತಕದಲ್ಲಿ. ಇದೇ ತಾಯಿ-ಮಗಳು ಅದಕ್ಕೂ ಎರಡು ವರ್ಷ ಮೊದಲು ಇನ್ನೊಂದು ಪುಸ್ತಕ ಬರೆದಿದ್ದರು. ಸಂಸಾರಗಳು ದಿವಾಳಿಯಾಗುವುದು ಶೋಕಿಯಿಂದಲ್ಲ, ಮನೆ, ಆಸ್ಪತ್ರೆ, ಮಕ್ಕಳ ಓದಿನ ಖರ್ಚಿನಿಂದ ಎಂಬುದು ಅದರ ವಾದ. ನಮ್ಮ ಸಂಪನ್ಮೂಲ ವ್ಯಕ್ತಿಗಳು 2005ರ ಪುಸ್ತಕದ ಸೂತ್ರ ಹಿಡಿದುಕೊಂಡರು. ಅದಕ್ಕೂ ಹಿಂದಿನದರ ಸತ್ಯವನ್ನು ಟೀ ಲೋಟದಲ್ಲಿ ಮುಳುಗಿಸಿದರು.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ನಿದ್ದೆ ಹೋಗಿದ್ದ. 'ರಾತ್ರಿಯೆಲ್ಲ ಮೊಬೈಲಾ?' ಎಂದು ವೇದಿಕೆಯಿಂದ ಚಟಾಕಿ ಹಾರಿತು. ಎಲ್ಲರೂ ನಕ್ಕರು. ಪಕ್ಕದವನು ನಗಲಿಲ್ಲ. 'ರಾತ್ರಿ ಬಂಕಲ್ಲಿ ಪೆಟ್ರೋಲ್ ಹಾಕ್ತಾನೆ ಸಾರ್' ಅಂದ. ಮುಂದಿನ ಸ್ಲೈಡ್ ಬಂತು. ಶೀರ್ಷಿಕೆ, 'ಸಮಯವೇ ಹಣ'.

ಆಮೇಲೆ ಚಕ್ರಬಡ್ಡಿಯ ಪವಾಡ. ರಿಸರ್ವ್ ಬ್ಯಾಂಕಿಗೂ ಇದು ಪ್ರಿಯವಾದ ವಿಷಯ. 2024ರ ಫೆಬ್ರುವರಿ 26ರಿಂದ ಮಾರ್ಚ್ 1ರವರೆಗೆ ಅದು ನಡೆಸಿದ ಆರ್ಥಿಕ ಸಾಕ್ಷರತಾ ಸಪ್ತಾಹ ವಿದ್ಯಾರ್ಥಿಗಳು ಮತ್ತು ಯುವಜನರಿಗಾಗಿಯೇ ಇತ್ತು. ಉಳಿತಾಯ ಮತ್ತು ಚಕ್ರಬಡ್ಡಿಯ ಶಕ್ತಿ ಅದರಲ್ಲೊಂದು ಪಾಠ. ಸಂತೋಷ. ಆದರೆ ಸ್ವಾಮಿ, ನಮ್ಮ ಹಳ್ಳಿಗಳಲ್ಲಿ ಚಕ್ರಬಡ್ಡಿ ಎನ್ನುವುದು ಬೈಗುಳದ ಪದ. ಈ ಮಕ್ಕಳು ಅದರ ಶಕ್ತಿಯನ್ನು ಕೊಡುವ ಕಡೆಯಿಂದ ಕಂಡವರು. ಪಡೆಯುವ ಕಡೆ ನಿಂತು ಗೊತ್ತಿಲ್ಲ. ಅಂಥವರ ಮುಂದೆ ಅದನ್ನು ಪವಾಡ ಎನ್ನುವುದು ಹಾವು ಕಚ್ಚಿದವನಿಗೆ ನಾಗರಪಂಚಮಿಯ ಶುಭಾಶಯ ಹೇಳಿದ ಹಾಗೆ.

ಊಟದ ಬಿಡುವಿನಲ್ಲಿ ಬಿ.ಕಾಂ. ಎರಡನೆಯ ವರ್ಷದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ಬ್ಯಾಂಕಿನವರು ಎಂದು ಕೇಳಿದ್ದಳಂತೆ. ಕೈಯಲ್ಲಿ ಒಂದು ನೋಟ್‌ಬುಕ್. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ್ದಳು. ಹಿಂದಿನ ಪುಟಗಳಲ್ಲಿ ಅವಳ ಮನೆಯ ಲೆಕ್ಕ.

ನೋಡಿದೆ. ಅವ್ವನ ಓಲೆ ಗಿರವಿ, 12,000. ಬಡ್ಡಿ ನೂರಕ್ಕೆ ಒಂದೂವರೆ, ತಿಂಗಳಿಗೆ 180. ಹತ್ತು ತಿಂಗಳಿಗೆ 1,800. ಸಂಘದ ಸಾಲದ ವಾರದ ಕಂತು ಬೇರೆ ಕಾಲಂ. ಭಾನುವಾರ ಬಟ್ಟೆ ಅಂಗಡಿಯ ಕೂಲಿ ಬೇರೆ ಕಾಲಂ. ಊರಿನ ಬಸ್ಸಿನ ಎದುರು ಸೊನ್ನೆ ಬರೆದು ಪಕ್ಕದಲ್ಲಿ 'ಶಕ್ತಿ' ಎಂದು ಬರೆದಿದ್ದಳು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ಸ್ಕಾಲರ್‌ಶಿಪ್ ಬಂದರೆ ಓಲೆ ಬಿಡಿಸುವುದು. 'ಬಂದರೆ' ಎಂಬ ಪದಕ್ಕೆ ಎರಡು ಗೆರೆ ಎಳೆದಿದ್ದಳು.

ನಾನು ಸರ್ವಿಸಿನಲ್ಲಿ ಬಹಳಷ್ಟು ಕಂಪನಿಗಳ ಬ್ಯಾಲೆನ್ಸ್ ಶೀಟ್ ನೋಡಿದ್ದೇನೆ. ಇಷ್ಟು ಪ್ರಾಮಾಣಿಕವಾದುದನ್ನು ನೋಡಿರಲಿಲ್ಲ. ಈ ಹುಡುಗಿಗೆ ಬಜೆಟ್ ಕಲಿಸಲು ಬೆಂಗಳೂರಿನಿಂದ ಕಾರು ಬಂದಿತ್ತು.

ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ? ಯಾವ ಸ್ಕಾಲರ್‌ಶಿಪ್ ಎಂದು ಹೆಸರು ಹೇಳಿ ಪ್ರಯೋಜನವಿಲ್ಲ, ಎಲ್ಲದರ ಜಾತಕವೂ ಒಂದೇ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಅಲ್ಲಿಂದ ಆರ್‌ಡಿ ನಂಬರು. ಅರ್ಜಿಗೆ ಸೈಬರ್ ಸೆಂಟರು. ಸರ್ವರ್ ಇದ್ದ ದಿನ ಕರೆಂಟು ಇಲ್ಲ, ಕರೆಂಟು ಇದ್ದ ದಿನ ಸರ್ವರ್ ಇಲ್ಲ. ಎರಡೂ ಇದ್ದ ದಿನ ಇವಳ ಹೆಸರೇ ಸರಿಯಿಲ್ಲ. ಆಧಾರ್‌ನಲ್ಲಿ ಇನಿಶಿಯಲ್ ಮುಂದಿದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹಿಂದಿದೆ. ಒಂದೇ ಹುಡುಗಿ ಸರ್ಕಾರದ ಕಣ್ಣಿಗೆ ಇಬ್ಬರು. ದುಡ್ಡು ಮಾತ್ರ ಒಬ್ಬಳಿಗೂ ಇಲ್ಲ.

ಅದನ್ನೂ ಸರಿಪಡಿಸಿಕೊಂಡಳು. ಆಗ ತಿಳಿಯಿತು, ಆಧಾರ್ ಜೋಡಣೆಯಾಗಿರುವುದು ಹೈಸ್ಕೂಲಿನಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆಂದೇ ತೆರೆದ ಶೂನ್ಯ ಬ್ಯಾಲೆನ್ಸ್ ಖಾತೆಗೆ. ಆ ಖಾತೆ ನಿಷ್ಕ್ರಿಯವಾಗಿದೆ ಎಂದು ಕೌಂಟರಿನವರು ಹೇಳಿ ಕಳಿಸಿದ್ದಾರೆ. ಎರಡು ವರ್ಷ ವಹಿವಾಟು ಮಾಡಿಲ್ಲವಲ್ಲಮ್ಮ, ನಿನ್ನದೇ ತಪ್ಪು.

ಇಂಥ ಖಾತೆಗಳನ್ನು ವಹಿವಾಟು ಇಲ್ಲವೆಂದು ನಿಷ್ಕ್ರಿಯ ಮಾಡಬಾರದು ಎಂದು ರಿಸರ್ವ್ ಬ್ಯಾಂಕು 2024ರ ಜನವರಿಯಲ್ಲೇ ಸುತ್ತೋಲೆ ಹೊರಡಿಸಿತ್ತು. ಅದೇ ಏಪ್ರಿಲ್ 1ರಿಂದ ಜಾರಿ. ವಿದ್ಯಾರ್ಥಿವೇತನದ ಖಾತೆಗಳು ಎಂದು ಬಿಡಿಸಿ ಬರೆದಿದೆ. ಕೌಂಟರಿನ ಆಚೆ ಕೂತವರಿಗೆ ಅದು ಗೊತ್ತಿಲ್ಲ. ಸಾಕ್ಷರತಾ ಕಾರ್ಯಾಗಾರ ನಡೆದದ್ದು ಕೌಂಟರಿನ ಈಚೆ ನಿಂತವಳಿಗೆ.

ಪರೀಕ್ಷೆಯ ಫೀಸು ಕಟ್ಟಲು ಕೊನೆಯ ದಿನಾಂಕ ಇದೆ. ಸ್ಕಾಲರ್‌ಶಿಪ್ ಕೊಡಲು ಕೊನೆಯ ದಿನಾಂಕ ಇಲ್ಲ. ವಿದ್ಯಾರ್ಥಿ ತಡಮಾಡಿದರೆ ದಂಡ. ಇಲಾಖೆ ತಡಮಾಡಿದರೆ 'ತಾಂತ್ರಿಕ ಕಾರಣ'. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಎಂದು ತಿಂಗಳಿಗಿಷ್ಟರಂತೆ ಹತ್ತು ತಿಂಗಳ ಲೆಕ್ಕ ಹಾಕಿಟ್ಟಿದ್ದಾರೆ. ಕಾಗದದ ಮೇಲೆ ಹಸಿವು ಎಷ್ಟು ಅಚ್ಚುಕಟ್ಟಾಗಿ ಹಂಚಿಹೋಗುತ್ತದೆ ನೋಡಿ. ಉಳಿದೆರಡು ತಿಂಗಳು ಊಟ ಇಲ್ಲ, ರಜೆ. ಕಟ್ಟಡ ಕಾರ್ಮಿಕರ ಮಕ್ಕಳ ಸಹಾಯಧನಕ್ಕಂತೂ 2023ರಲ್ಲಿ ಭಾರಿ ಕತ್ತರಿಯೇ ಬಿತ್ತು. ಗಾರೆ ಕೆಲಸದವನ ಮಗ ಹಳೆಯ ದರ ನಂಬಿ ಹಾಕಿಕೊಂಡ ಬಜೆಟ್ಟು ಏನಾಯಿತು ಎಂದು ಯಾವ ಕಾರ್ಯಾಗಾರದಲ್ಲಿ ಕೇಳಬೇಕೋ.

ಹಾಗಿದ್ದರೆ ಸಾಲ ಮಾಡಿ ಓದಲಿ ಎನ್ನುತ್ತೀರಿ. ಎಂದರು ಕೂಡ. ಒಂದಿಡೀ ಸ್ಲೈಡು ಪಿಎಂ ವಿದ್ಯಾಲಕ್ಷ್ಮಿಗೆ ಮೀಸಲಾಗಿತ್ತು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಅಡಮಾನವಿಲ್ಲ, ಜಾಮೀನಿಲ್ಲ. ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಮಕ್ಕಳ ಕಣ್ಣು ಅರಳಿದವು. ಸ್ಲೈಡಿನ ಬುಡದಲ್ಲಿ ಸಣ್ಣಕ್ಷರದಲ್ಲಿದ್ದುದನ್ನು ಯಾರೂ ಓದಲಿಲ್ಲ. ಈ ಸೌಲಭ್ಯ ಶುರುವಾದದ್ದು ದೇಶದ 860 ಶ್ರೇಷ್ಠ ವಿದ್ಯಾಸಂಸ್ಥೆಗಳಿಗೆ, ರ‍್ಯಾಂಕಿಂಗ್ ನೋಡಿ ಆರಿಸಿದ್ದು. ಕಾರ್ಯಾಗಾರ ನಡೆಯುತ್ತಿದ್ದ ಕಟ್ಟಡದ ಶೌಚಾಲಯಕ್ಕೆ ಚಿಲಕವೂ ಇಲ್ಲ. ರ‍್ಯಾಂಕು ಎಲ್ಲಿಂದ ಬರಬೇಕು? ಒಳ್ಳೆಯ ಕಾಲೇಜು ಸೇರಲು ದುಡ್ಡಿಲ್ಲದವನಿಗೆ ಸಾಲ, ಆದರೆ ಒಳ್ಳೆಯ ಕಾಲೇಜು ಸೇರಿದ ಮೇಲೆ.

ನನಗೆ ಮೈಕು ಕೊಟ್ಟಿದ್ದರೆ ಐದೇ ನಿಮಿಷ ಸಾಕಿತ್ತು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ. 'ನಿಮ್ಮೂರು ನಮ್ಮ ಬ್ರಾಂಚಿನ ವ್ಯಾಪ್ತಿಗೆ ಬರೋದಿಲ್ಲ' ಎಂದು ವಾಪಸ್ ಕಳಿಸುವಂತಿಲ್ಲ. ಇಲ್ಲ ಎನ್ನುವುದಾದರೆ ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ, ಮ್ಯಾನೇಜರ ಧ್ವನಿ ತಾನಾಗಿ ತಗ್ಗುತ್ತದೆ. ಇದು ನನಗೆ ಹೇಗೆ ಗೊತ್ತು? ನಾನೂ ಆ ಕುರ್ಚಿಯಲ್ಲಿ ಕೂತು ಧ್ವನಿ ಏರಿಸಿದವನೇ. ಅಂಥ ಸಾಕ್ಷರತೆ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಉಳಿತಾಯ ಕಲಿತ ಬಡವನಿಂದ ಯಾರಿಗೂ ತೊಂದರೆಯಿಲ್ಲ. ಸುತ್ತೋಲೆ ಓದಿದ ಬಡವ ತಲೆನೋವು.

ಇನ್ನು ಈ ಶಿಸ್ತಿನ ಪಾಠ ಹೇಳುವವರ ಶಿಸ್ತು. ಖಾತೆಯಲ್ಲಿ ಕನಿಷ್ಠ ದುಡ್ಡು ಇಟ್ಟಿಲ್ಲ ಎಂದು ಸರ್ಕಾರಿ ಬ್ಯಾಂಕುಗಳು ಐದು ವರ್ಷಗಳಲ್ಲಿ ಸುಮಾರು 8,500 ಕೋಟಿ ದಂಡ ಎತ್ತಿದ್ದನ್ನು 2024ರಲ್ಲಿ ಸಂಸತ್ತಿಗೆ ಹೇಳಿದ್ದು ಸರ್ಕಾರವೇ. ದುಡ್ಡಿಲ್ಲದ ತಪ್ಪಿಗೆ ದುಡ್ಡಿನ ದಂಡ. (ಮರುವರ್ಷ ಕೆನರಾ ಬ್ಯಾಂಕು ಮತ್ತಿತರ ಕೆಲವು ಇದನ್ನು ಕೈಬಿಟ್ಟವು, ಋಣ ಇಟ್ಟುಕೊಳ್ಳುವುದು ಬೇಡ.) 2014-15ರಿಂದ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು ರೈಟ್ ಆಫ್ ಮಾಡಿದ ಸಾಲ 14.56 ಲಕ್ಷ ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡ ಉದ್ಯಮಗಳದ್ದು. ರೈಟ್ ಆಫ್ ಎಂದರೆ ಮನ್ನಾ ಅಲ್ಲ, ವಸೂಲಿ ನಡೆದೇ ಇರುತ್ತದೆ ಎಂದು ಪ್ರತಿ ಸಲವೂ ವಿವರಿಸುತ್ತಾರೆ. ನಾನೂ ಮೊದಲೆಲ್ಲ ವಿವರಿಸುತ್ತಿದ್ದೆ. ಆ ಉದ್ಯಮಿಗಳನ್ನು ಯಾರಾದರೂ ಒಂದು ಹಾಲಿನಲ್ಲಿ ಕೂರಿಸಿ, ದಿನಕ್ಕೆರಡು ಟೀ ಬಿಡಿ ಎಂದು ಹೇಳಿದ ಸುದ್ದಿ ಈವರೆಗೆ ಬಂದಿಲ್ಲ.

ಸಮಾರೋಪಕ್ಕೆ ಶಾಸಕರು ಎರಡು ಗಂಟೆ ತಡವಾಗಿ ಬಂದರು. ಬಡತನ ಓದಿಗೆ ಅಡ್ಡಿಯಲ್ಲ ಅಂದರು. ತಾವೇ ಒಂದು ಎಂಜಿನಿಯರಿಂಗ್ ಕಾಲೇಜು ನಡೆಸುವವರು. ಅಲ್ಲಿ ಅಡ್ಡಿ.

ಆಮೇಲೆ ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡಿತು. ಕಾರ್ಯಾಗಾರದ ಡಿಜಿಟಲ್ ಪ್ರಮಾಣಪತ್ರ ಬೇಕಾದವರು 100 ರೂಪಾಯಿ ಕಟ್ಟಬೇಕಂತೆ. ಪ್ರಶ್ನೆಗಳಿದ್ದರೆ ಕೇಳಿ ಅಂದರು. ನೋಟ್‌ಬುಕ್ಕಿನ ಹುಡುಗಿ ಎದ್ದು ನಿಂತಳು.

'ಸರ್, ಈ ನೂರು ರೂಪಾಯಿ ಯಾವ ಕಾಲಮ್ಮಿಗೆ ಬರೆಯೋದು? ಅಗತ್ಯಕ್ಕಾ, ಆಸೆಗಾ?'

ಸಂಪನ್ಮೂಲ ವ್ಯಕ್ತಿ ನೀರು ಕುಡಿದರು. ವಂದನಾರ್ಪಣೆಯವರು ಓಡಿ ಬಂದು ಮೈಕು ಹಿಡಿದರು. ಹಿಂದಿನ ಬೆಂಚಿನಲ್ಲಿ ಬಂಕಿನ ಹುಡುಗನಿಗೆ ಆಗ ಎಚ್ಚರವಾಯಿತು. ಎಲ್ಲ ಮುಗಿಯಿತು ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದ.