ಮನೆಯಾಗ ಒಂದು ಪಾಳಿ

"ಏನ್ರಿ ಅಣ್ಣಾರ, ಇವತ್ತ ಕೋಲ ಇಲ್ದ ಬಂದೀರಿ?"

ಹಿತ್ತಲಿನ ತಂತಿಬೇಲಿಗೆ ಹಬ್ಬಿದ ಹೀರಿ ಬಳ್ಳಿಯ ಸಂದಿಯಿಂದ ಅಕ್ಕಾರ ಮುಖ ಕಂಡಿತು. ಬಲಗಾಲಿನ ಮೊಣಕಾಲು ಬದಲಿಸಿ ನನಗೆ ಅವತ್ತಿಗೆ ಏಳು ವಾರ. ಬೇಲಿಯ ತನಕ ಕೋಲಿಲ್ಲದೆ ನಡೆದದ್ದು ಅದೇ ಮೊದಲು. ಆ ಖುಷಿಯಲ್ಲಿ ಬಾಯಿ ಬಿಟ್ಟೆ: "ಬರೂ ಸೋಮವಾರದಿಂದ ಕೆಲಸಕ್ಕ ಹೋಗೂಣಂತ ಮಾಡೀನ್ರಿ ಅಕ್ಕಾರ."

ಕೀಳುತ್ತಿದ್ದ ಹೀರಿಕಾಯಿಯನ್ನು ಅಲ್ಲೇ ಬಿಟ್ಟು ಅವರು ಬೇಲಿಗೆ ಬಂದರು. "ಸೋಮವಾರ ಅಂತ ಡಾಕ್ಟರ್ ಹೇಳಿದ್ರೋ, ನಿಮ್ಮ ಮೊಣಕಾಲ ಹೇಳ್ತೋ?"

ಡಾಕ್ಟರು ಹೇಳಿದ್ದು ಆರರಿಂದ ಹನ್ನೆರಡು ವಾರ ಅಂತ. ನಾನು ಆರನ್ನು ಹಿಡಿದುಕೊಂಡಿದ್ದೆ, ಅಕ್ಕಾರು ಹನ್ನೆರಡನ್ನು ಹಿಡಿದುಕೊಂಡರು. ಆರಕ್ಕೂ ಹನ್ನೆರಡಕ್ಕೂ ನಡುವೆ ಒಂದೂವರೆ ತಿಂಗಳ ಸಂಬಳವಿದೆ, ಒಂದೂವರೆ ತಿಂಗಳ ಬೇಸರವೂ ಇದೆ.

ತುಂಗಭದ್ರೆಯ ಆ ದಂಡೆಗೆ ಹರಿಹರ, ಈ ದಂಡೆಗೆ ಕುಮಾರಪಟ್ಟಣ. ಹರಿಹರ ಪಾಲಿಫೈಬರ್ಸ್ ಬಂದಾಗಿನಿಂದ ಈ ಊರು ಪಾಳಿಯ ಲೆಕ್ಕದಲ್ಲೇ ಏಳುತ್ತದೆ, ಪಾಳಿಯ ಲೆಕ್ಕದಲ್ಲೇ ಮಲಗುತ್ತದೆ. ಇಲ್ಲಿ ಏಳು ವಾರ ಹಗಲೂ ರಾತ್ರಿ ಮನೆಯಲ್ಲಿ ಕೂತವನಿಗೆ ದಿಕ್ಕೇ ತೋಚುವುದಿಲ್ಲ. ಓಣಿಯವರೆಲ್ಲ ಡಬ್ಬಿ ಹಿಡಿದು ಹೊರಟಾಗ ನಾನು ಕಟ್ಟೆಯ ಮೇಲೆ ಕಾಲು ನೀಡಿ, ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟು, ತೊಡೆ ಬಿಗಿ ಹಿಡಿದು ಹತ್ತು ಎಣಿಸುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನದು ಕಬ್ಬಿಣದ ಜಾಲರಿ ಮೆಟ್ಟಿಲು ಹತ್ತಿ ಇಳಿಯುವ ಕೆಲಸ: ಮೇಲೆ ಹೋಗಿ ಮೀಟರ್ ನೋಡು, ಕೆಳಗೆ ಬಂದು ವಾಲ್ವ್ ತಿರುಗಿಸು, ಮತ್ತೆ ಮೇಲೆ. ಆ ಮೆಟ್ಟಿಲುಗಳೇ ನನ್ನ ಮೊಣಕಾಲನ್ನು ತಿಂದವು ಅಂತ ಹೇಳಲಾರೆ. ವಯಸ್ಸಿದೆ, ಮೈತೂಕವಿದೆ, ನಮ್ಮ ತಾಯಿಗೂ ಇದೇ ನೋವಿತ್ತು. ಆದರೆ ಈ ಹೊಸ ಮೊಣಕಾಲು ವಾಪಸ್ಸು ಹೋಗಬೇಕಾದದ್ದು ಆ ಮೆಟ್ಟಿಲಿಗೇ.

"ವಾಜಪೇಯಿಯವರನ್ನ ನೋಡ್ರಿ ಅಕ್ಕಾರ," ಅಂದೆ. 2000ದ ಅಕ್ಟೋಬರ್‌ನಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅವರ ಎಡ ಮೊಣಕಾಲು ಬದಲಾಯಿತು, 2001ರ ಜೂನ್‌ನಲ್ಲಿ ಬಲಗಾಲಿನದು. ಎರಡನೆಯದು ಆಗಿ ಆರು ವಾರ ತುಂಬುವ ಮೊದಲೇ, ಜುಲೈ ಮಧ್ಯದಲ್ಲಿ, ಆಗ್ರಾದಲ್ಲಿ ಮುಷರಫ್ ಜೊತೆ ಮಾತುಕತೆಗೆ ಕೂತಿದ್ದರು. ಆಗ ಅವರಿಗೆ ಎಪ್ಪತ್ತಾರು. "ನನಗಿನ್ನೂ ಐವತ್ತೈದು."

"ಕೂತಿದ್ರು ಅಂದ್ರಲ್ಲ, ಅದ ನೋಡ್ರಿ ಮಾತು," ಅಂದರು ಅಕ್ಕಾರು. "ನೀವು ಕೂಡ್ತೀರೇನು?"

ನಾನು ಸುಮ್ಮನಾದೆ. ಕೂತು ಮಾಡುವ ಕೆಲಸದವರು ನಾಲ್ಕರಿಂದ ಆರು ವಾರಕ್ಕೆ ಹೋಗಬಹುದು, ನಿಂತು ಮಾಡುವವರಿಗೆ ಎರಡು ಮೂರು ತಿಂಗಳು ಬೇಕು, ಭಾರ ಎತ್ತುವವರು, ಏಣಿ ಹತ್ತುವವರು ಮೂರು ತಿಂಗಳಾದ ಮೇಲೆಯೇ ಕೇಳಬೇಕು ಅಂತ ನನ್ನ ಡಾಕ್ಟರೂ ಹೇಳಿದ್ದರು. ಕೇಳುವಾಗ ಕಿವಿ ತನಗೆ ಬೇಕಾದ ಅಂಕಿಯನ್ನಷ್ಟೇ ಇಟ್ಟುಕೊಂಡಿತ್ತು.

ಒಳಗೆ ಏನಾಗಿದೆ ಅಂತ ಹೊರಗೆ ಕಾಣುವುದಿಲ್ಲವಲ್ಲ, ಅಲ್ಲೇ ತಪ್ಪುವುದು. ತೊಡೆಯ ಎಲುಬಿನ ತುದಿ, ಕಣಕಾಲಿನ ಎಲುಬಿನ ತಲೆ, ಎರಡನ್ನೂ ತೆಳ್ಳಗೆ ಹೆರೆದು ಲೋಹದ ಟೊಪ್ಪಿಗೆ ಕೂರಿಸುತ್ತಾರೆ, ನಡುವೆ ಸವೆದುಹೋದ ಮೆತ್ತೆಯ ಜಾಗದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು. ಲೋಹ ಮರುದಿನವೇ ಭಾರ ಹೊರುತ್ತದೆ, ಅದಕ್ಕೇ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. ತೊಡೆಯ ಸ್ನಾಯು ಮಾತ್ರ ಮೊದಲಿನ ಬಲಕ್ಕೆ ಬರಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಗಾಯದ ಹೊಲಿಗೆ ಎರಡು ವಾರಕ್ಕೆ ಬಿಚ್ಚಿದರು. ಕಾಲು ತೊಂಬತ್ತು ಡಿಗ್ರಿ ದಾಟಿ ಮಡಚತೊಡಗಿತು. ಗೆರೆಯ ಹೊರಗಡೆ ಒಂದಿಷ್ಟು ಚರ್ಮ ಇನ್ನೂ ಜೋಮು ಹಿಡಿದಂತಿದೆ, ಸಂಜೆಯಾದರೆ ಮುಟ್ಟಿದ ಕೈಗೆ ಬೆಚ್ಚಗೆ ತಾಗುತ್ತದೆ. ಗೇಟಿನಲ್ಲಿ ನನ್ನ ನಡಿಗೆ ನೋಡುವವನಿಗೆ ಇದರಲ್ಲಿ ಯಾವುದೂ ಕಾಣದು.

ಅಕ್ಕಾರ ಎಡ ಮೊಣಕಾಲೂ ಹೋದ ವರ್ಷ ಬದಲಾಗಿತ್ತು. ಅವರದು ರೊಟ್ಟಿ ಕೆಲಸ. ರಾಣೇಬೆನ್ನೂರು ಕಡೆಯ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುತ್ತಾರೆ. ನೆಲದ ಮೇಲೆ ಮಣಿ ಹಾಕಿ, ಒಂದು ಕಾಲು ಮಡಚಿ, ಒಲೆಯ ಮುಂದೆ ಮೂರು ನಾಲ್ಕು ತಾಸು ಕೂತೇ ಮೂವತ್ತು ವರ್ಷ ಕಳೆದವರು. ಅವರ ತಂಗಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ, ಅದೂ ನೆಲದ ಮೇಲೆ ಕೂತು. ನಮ್ಮ ಕಡೆ ಹೆಂಗಸರ ದುಡಿಮೆಯ ಬಹುಪಾಲು ನೆಲದ ಮೇಲೇ ಇದೆ. ಮೊಣಕಾಲು ಬದಲಿಸಿದವರಿಗೆ ಡಾಕ್ಟರು ಮೊಟ್ಟಮೊದಲು ಬೇಡ ಅನ್ನುವುದೂ ನೆಲವನ್ನೇ: ಚಕ್ಕಳಮಕ್ಕಳ ಬೇಡ, ಕುಕ್ಕುರುಗಾಲು ಬೇಡ.

ಅಕ್ಕಾರ ಆಪರೇಷನ್ ಆಯುಷ್ಮಾನ್ ಕಾರ್ಡಿನ ಮೇಲೆ ಆಯಿತು. ಕಾರ್ಡಿಲ್ಲದವರಿಗೂ 2017ರ ಆಗಸ್ಟ್ ದೊಡ್ಡ ಉಪಕಾರ ಮಾಡಿತು. ಅಲ್ಲಿಯವರೆಗೆ ಒಂದೂವರೆ ಲಕ್ಷದ ಮೇಲಿದ್ದ ಕೋಬಾಲ್ಟ್ ಕ್ರೋಮಿಯಂ ಮೊಣಕಾಲಿಗೆ ಕೇಂದ್ರ ಸರ್ಕಾರ 54,720 ರೂಪಾಯಿ ಅಂತ ಮಿತಿ ಹಾಕಿತು, ತೆರಿಗೆ ಬೇರೆ. ಆದರೆ ಕಾರ್ಡು ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ, ಆಮೇಲೆ ಮನೆಯಲ್ಲಿ ಕೂತ ಮೂರು ತಿಂಗಳ ದುಡಿಮೆ ಕೊಡುವುದಿಲ್ಲ. ಕಾರ್ಖಾನೆಯ ಕೆಲಸಗಾರನಿಗೆ ಇಎಸ್‌ಐ ಇದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ ಎಪ್ಪತ್ತು ಸಿಗುತ್ತದೆ. ಒಂದು ಮೊಣಕಾಲಿಗೆ ಬೇಕಾದ ಕಾಲವೂ ಹೆಚ್ಚುಕಡಿಮೆ ಅಷ್ಟೇ. 1948ರಲ್ಲಿ ಆ ಕಾಯ್ದೆ ಬರೆದವರ ಮೇಲೆ ನನಗೆ ನಿಜವಾದ ಗೌರವವಿದೆ. ರೊಟ್ಟಿ ಬಡಿಯುವವರಿಗೆ ಅಂಥದ್ದೊಂದು ಯಾರೂ ಬರೆಯಲಿಲ್ಲ.

ಇಪ್ಪತ್ತನೆಯ ದಿನಕ್ಕೇ ಅಕ್ಕಾರು ಒಲೆಯ ಮುಂದೆ ಕೂತರು. ಮದುವೆಯ ಸುಗ್ಗಿ, ಮುಂಗಡ ಮೊದಲೇ ಖರ್ಚಾಗಿತ್ತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ದಿನ ಬೆಳಿಗ್ಗೆ ಬೇಲಿಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳ ನನಗೆ ಕೇಳಿಸಿತ್ತು. 'ಅಕ್ಕಾರು ಆರಾಮಾದ್ರು, ಛಲೋ ಆತು' ಅಂತ ನನ್ನ ಹೆಂಡತಿಗೂ ಹೇಳಿದೆ. ನೀಡಿದ ಕಾಲಿನ ಮೇಲೆ ಬಗ್ಗಿ, ಹಲ್ಲು ಕಚ್ಚಿ ಬಡಿಯುತ್ತಿದ್ದಾರೆ ಅನ್ನುವುದು ಆ ಸಪ್ಪಳದಲ್ಲಿ ಇರಲಿಲ್ಲ. ನಾಲ್ಕನೆಯ ದಿನ ಸಪ್ಪಳ ನಿಂತಿತು. ಮೊಣಕಾಲು ಬಾತು ಕೆಂಡದಂತೆ ಕಾಯುತ್ತಿತ್ತು. ಪುಣ್ಯಕ್ಕೆ ನಂಜು ಆಗಿರಲಿಲ್ಲ. ಆದರೂ ಮತ್ತೆ ಐದು ವಾರ ಮಂಚ, ಮಡಚಲು ಬರುತ್ತಿದ್ದ ಕಾಲು ಮತ್ತೆ ಸೆಟೆದು, ವ್ಯಾಯಾಮ ಮೊದಲಿನಿಂದ.

"ನಿಮಗ ಗೇಟಿನ್ಯಾಗ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳ್ತಾರ ಅಣ್ಣಾರ," ಅಂದರು. "ನನ್ನ ಒಲಿ ಮುಂದ ಯಾರ ಕೇಳ್ಯಾರ? ಎದ್ದ ನಡದ್ಲು ಅಂದ್ರ ಮನಿಯಾಗ ಎಲ್ಲಾರ ಲೆಕ್ಕದಾಗ ಆರಾಮ."

ಅವರ ದನಿಯಲ್ಲಿ ದೂರು ಇರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಸರ್ಟಿಫಿಕೇಟು ಅಂದರೆ ನನ್ನನ್ನು ತಡೆಯುವ ಕಾಗದ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಅದು ನನ್ನನ್ನು ಕಾಯುತ್ತಲೂ ಇತ್ತು.

"ಒಂದ ಕೆಲಸ ಮಾಡ್ರಿ," ಅಂದರು ಕೊನೆಗೆ. "ಸೋಮವಾರ ಹೋಗ್ರಿ, ಬ್ಯಾಡನ್ನಾಂಗಿಲ್ಲ. ಅದರಕಿಂತ ಮೊದ್ಲ ಮನಿಯಾಗ ಒಂದು ಪಾಳಿ ಮಾಡ್ರಿ. ಅಲ್ಲಿ ಎಷ್ಟ ತಾಸ ನಿಲ್ತೀರಿ, ಇಲ್ಲಿ ಅಷ್ಟ ನಿಲ್ರಿ. ಅಲ್ಲಿ ಎಷ್ಟ ಹತ್ತತೀರಿ, ಇಲ್ಲಿ ಅಷ್ಟ ಹತ್ರಿ. ಮರುದಿನ ಮುಂಜಾನೆ ಮೊಣಕಾಲ ಏನಂತೈತಿ ಕೇಳ್ರಿ."

ಶುಕ್ರವಾರ ಮಾಡಿದೆ. ಬೆಳಿಗ್ಗೆ ಬೂಟು ಹಾಕಿಕೊಂಡೆ, ಏಳು ವಾರದಲ್ಲಿ ಅದೇ ಮೊದಲು. ತಾಸಿಗೊಮ್ಮೆ ಮಾಳಿಗೆ ಮೆಟ್ಟಿಲು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಕೈ ಗೋಡೆಗೆ. ನಡುವೆ ಕೂರಲಿಲ್ಲ, ಅಡುಗೆಮನೆಯಲ್ಲಿ ನಿಂತು ಹೆಂಡತಿಗೆ ಸೊಪ್ಪು ಸೋಸಿಕೊಟ್ಟೆ. ಮೂರನೆಯ ಸಲ ಇಳಿಯುವಾಗಲೇ ತೊಡೆ ನಡುಗಿತು. ಐದನೆಯ ಸಲಕ್ಕೆ ಮೆಟ್ಟಿಲ ಮೇಲೇ ಕೂತೆ. ಸಂಜೆ ಬಾವು ಬಂತು. ಸಂಜೆಯ ಬಾವು ದೊಡ್ಡ ಮಾತಲ್ಲ, ಬರ್ಫ ಇಟ್ಟು ಕಾಲು ಎತ್ತರಕ್ಕಿಟ್ಟು ಮಲಗಿದರೆ ಇಳಿಯುತ್ತದೆ. ಮರುದಿನ ಬೆಳಿಗ್ಗೆಯೂ ಅದು ಹಾಗೇ ಇತ್ತು. ಆಗ ತಿಳಿಯಿತು. (ಮೀನಖಂಡ ಬಾತು ನೋವಾದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ ಬರ್ಫ ಇಡುತ್ತ ಕೂರಬಾರದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಇದನ್ನು ಬೇಲಿಯ ಎರಡೂ ಕಡೆಯವರು ನೆನಪಿಡಬೇಕು.)

ಬೈಕಿನ ಮಾತನ್ನೂ ನಾನು ಯೋಚಿಸಿರಲಿಲ್ಲ. ಬಲಗಾಲು ತಾನೇ ಬ್ರೇಕ್ ತುಳಿಯುವುದು? ನಿಂತ ಬೈಕಿನ ಮೇಲೆ ಕೂತು ಜೋರಾಗಿ ಒಮ್ಮೆ ತುಳಿದು ನೋಡಿದೆ. ಕಾಲು ಅರೆಗಳಿಗೆ ತಡವಾಗಿ ಇಳಿಯಿತು. ಹೆದ್ದಾರಿಯ ಲಾರಿಗಳ ನಡುವೆ ಆ ಅರೆಗಳಿಗೆ ಯಾರದ್ದು?

ಸೋಮವಾರ ಗೇಟಿಗೆ ಹೋದೆ, ಮಗನ ಬೈಕಿನ ಹಿಂದೆ ಕೂತು. ಕೆಲಸಕ್ಕಲ್ಲ, ಮಾತಾಡಲಿಕ್ಕೆ. ಡಾಕ್ಟರಿಂದ ಬರೆಸಿಕೊಂಡಿದ್ದೆ: ಇನ್ನು ಐದು ವಾರ ರಜೆ, ಆಮೇಲೆ ಒಂದು ತಿಂಗಳು ಹಗಲು ಪಾಳಿ, ಕೆಳ ಅಂತಸ್ತಿನ ಕೆಲಸ, ನಡುನಡುವೆ ಕೂರಲು ಕುರ್ಚಿ. ಕುರ್ಚಿ ಕೇಳಲು ಸಂಕೋಚವಾಗುತ್ತಿತ್ತು. ಆದರೆ ನಿಂತು ದುಡಿಯುವವರಿಗೆ ಕೂರುವ ಅನುಕೂಲ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಒಂದು ಕಲಮು ಇತ್ತು. ನಮ್ಮ ಹಿರಿಯರಿಗೇ ಸಿಕ್ಕಿದ್ದ ಹಕ್ಕು ಅದು, ನಾಚಿಕೊಂಡು ಬೇಡುವಂಥದ್ದೇನಲ್ಲ. ಕೇಳಿದೆ. ಆಗಲಿ ಅಂದರು.

ಬಂದು ಅಕ್ಕಾರಿಗೆ ಹೇಳಿದೆ. ಅವರು ತಮ್ಮ ಅಡುಗೆಮನೆಯ ಕಿಟಕಿ ತೋರಿಸಿದರು. ನಾಲ್ಕನೆಯ ತಿಂಗಳಲ್ಲಿ ಮಗ ಮತ್ತು ಯಜಮಾನರು ಸೇರಿ ಅಲ್ಲಿ ಸೊಂಟದೆತ್ತರಕ್ಕೆ ಕಡಪ ಕಲ್ಲು ಕೂರಿಸಿಕೊಟ್ಟಿದ್ದರು. ಹಂಚು, ಹಿಟ್ಟಿನ ಮರಿಗಿ ಎರಡೂ ಈಗ ಮೇಲೆ, ಪಕ್ಕಕ್ಕೆ ಎತ್ತರದ ಸ್ಟೂಲು. ಮೊದಲು ದಿನಕ್ಕೆ ನೂರು ರೊಟ್ಟಿ ಆಗುತ್ತಿದ್ದಲ್ಲಿ ಈಗ ಅರವತ್ತು. "ನಿಂತ ಬಡದ್ರ ಕೈಗೆ ಮೊದಲಿನ ವಾಟಾ ಇಲ್ಲರಿ," ಅಂದರು. "ಕಲೀಲಿಕ್ಕ ಎರಡು ತಿಂಗಳಾತು. ಅಂಚು ಇನ್ನೂ ದಪ್ಪ ಬರ್ತೈತಿ."

ಈಗ ಬೆಳಿಗ್ಗೆ ಕಟ್ಟೆಯ ಮೇಲೆ ಕಾಲು ನೀಡಿ ಕೂತಾಗ ಆ ಸಪ್ಪಳ ಕೇಳುತ್ತೇನೆ. ಮೊದಲು ನೆಲದಿಂದ ಬರುತ್ತಿತ್ತು, ಈಗ ಕಿಟಕಿಯಿಂದ ಬರುತ್ತದೆ. ಇಪ್ಪತ್ತು ಆದ ಮೇಲೆ ನಿಲ್ಲುತ್ತದೆ, ಸ್ಟೂಲು ಎಳೆದ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರು. ಸಪ್ಪಳ ನಿಂತ ಹೊತ್ತು ಹೆಚ್ಚಾದರೆ ನಾನು ಬೇಲಿಯ ತನಕ ಹೋಗುತ್ತೇನೆ.

"ಕಾಲ ಹೆಂಗೈತ್ರಿ ಅಕ್ಕಾರ?"

"ಛಲೋ ಐತಿ. ನಿಮ್ದು? ನಿನ್ನೆ ಎಷ್ಟ ಸಲ ಹತ್ತಿದ್ರಿ?"

"ಆರು."

"ಮುಂಜಾನೆ?"

"ಬಾವು ಇಲ್ಲರಿ."

"ಹಂಗಾರ ಇವತ್ತ ಏಳು," ಅನ್ನುತ್ತ ಬಾಳೆ ಎಲೆಯಲ್ಲಿ ಎರಡು ಬಿಸಿ ರೊಟ್ಟಿ ಬಳ್ಳಿಯ ಮೇಲಿಂದ ಈಚೆ ಕೊಟ್ಟರು.