ಸಾಫ್ಟ್ ಸ್ಕಿಲ್ಸ್ ಟ್ರೈನರ್: ಒಂದು ಲಕ್ಷಣ ನಿರೂಪಣೆ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಕಾಲ, ಅಂದರೆ ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಅಂತಿಮ ವರ್ಷದವರನ್ನು ಕೆಲಸಕ್ಕೆ ಆರಿಸುವ ಕಾಲ, ಹತ್ತಿರವಾದಂತೆ ಸೆಮಿನಾರ್ ಹಾಲಿನಲ್ಲಿ ಪ್ರಕಟವಾಗುವ ಸಾಫ್ಟ್ ಸ್ಕಿಲ್ಸ್ ಟ್ರೈನರನನ್ನು ಬ್ಲೇಜರು, ಕಾಲರ್ ಮೈಕು ಮತ್ತು ಸಭೆ ಕಿರುಚುವವರೆಗೂ ಬಿಡದೆ ಹೇಳುವ 'ಗುಡ್ ಮಾರ್ನಿಂಗ್'ಗಳಿಂದ ಗುರುತಿಸಬಹುದು. ವ್ಯವಹಾರದ ಇಂಗ್ಲಿಷು, ಇಮೇಲು, ಸಂದರ್ಶನ, ಜಿ.ಡಿ. ಎನಿಸಿಕೊಂಡ ಗುಂಪು ಚರ್ಚೆ ಇವೆಲ್ಲವನ್ನೂ ಎರಡೇ ದಿನಗಳಲ್ಲಿ ಕಲಿಸುವುದು ಈತನ ಹೊಣೆ; ಶಾಲೆ ಕಾಲೇಜುಗಳು ಹದಿನೈದು ವರ್ಷಗಳಲ್ಲಿ ಮಾಡಲಾಗದೆ ಬಿಟ್ಟ ಕೆಲಸವಿದು ಎಂಬುದು ಆಡಳಿತ ಮಂಡಳಿಗೆ ನೆನಪಿರುವುದಿಲ್ಲ.

ಮೊದಲ ಗಂಟೆ ಐಸ್ ಬ್ರೇಕರಿಗೆ, ಎಂದರೆ ಅಪರಿಚಿತರ ಸಂಕೋಚ ಕಳೆಯುವ ಆಟಗಳಿಗೆ ಮೀಸಲಾಗಿದ್ದು, ಮೂರು ವರ್ಷ ಒಬ್ಬರ ಅಸೈನ್‌ಮೆಂಟನ್ನು ಇನ್ನೊಬ್ಬರು ನಕಲು ಮಾಡಿಕೊಂಡು ಬಂದವರಿಗೆ ಪರಸ್ಪರ ಪರಿಚಯ ಮಾಡಿಸಲಾಗುತ್ತದೆ. ಅನಂತರ ಎಂಟಿಐ, ಅಂದರೆ ಇಂಗ್ಲಿಷ್ ಉಚ್ಚಾರಣೆಯಲ್ಲಿ ಇಣುಕುವ ಮಾತೃಭಾಷೆಯ ಛಾಯೆ, ರೋಗದಂತೆ ಪತ್ತೆಯಾಗುತ್ತದೆ. 'ಎಗ್' ಅನ್ನು 'ಯೆಗ್' ಎಂದ ಹುಡುಗನನ್ನು ತಿದ್ದಿದವನು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೇಳುವುದು ಯೆಗ್ ರೈಸನ್ನೇ.

ಆದರೆ ಈ ವರ್ಗದ ಪರಮಪವಿತ್ರ ಸ್ಲೈಡೆಂದರೆ 7, 38, 55. ಸಂವಹನದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಹಾವಭಾವದ್ದು ಶೇ. 55 ಎಂದು ಸಾರುವ ಇದರ ಮೂಲವಿರುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ. ಬಿಡಿ ಪದಗಳನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿಸಿ, ಮುಖಗಳ ಚಿತ್ರ ತೋರಿಸಿ, ಹೇಳುವವರ ಇಷ್ಟಾನಿಷ್ಟಗಳನ್ನು ಕೇಳುಗರು ಹೇಗೆ ಊಹಿಸುತ್ತಾರೆಂದು ಪರೀಕ್ಷಿಸಿದ ಆ ಲೆಕ್ಕ ಭಾವನೆಗಳ ಮಾತಿಗಷ್ಟೇ ಸಲ್ಲುತ್ತದೆಂದು ಸ್ವತಃ ಅವರೇ ಸ್ಪಷ್ಟಪಡಿಸಿದ್ದರೂ ಸ್ಲೈಡಿಗೆ ಇನ್ನೂ ಆ ಸುದ್ದಿ ಮುಟ್ಟಿಲ್ಲ. ಹಾಸನದ ಕಡೆಯ ಕಾಲೇಜೊಂದರಲ್ಲಿ ಇದು ಪರದೆಯ ಮೇಲೆ ಮೂಡಿದಾಗ ಕೊನೆಯ ಸಾಲಿನ ಹುಡುಗನೊಬ್ಬ ಎದ್ದು, "ಸಾರ್, ಪದ ಏಳೇ ಪರ್ಸೆಂಟ್ ಅಂದ್ರೆ ಇಂಟರ್‌ವ್ಯೂನ ಕನ್ನಡದಲ್ಲೇ ಕೊಡ್ಬೋದಲ್ವಾ? ತೊಂಬತ್ತಮೂರು ಬಂದ್ರೆ ಡಿಸ್ಟಿಂಕ್ಷನ್ನೇ" ಎಂದು ಕೇಳಿದನು. ಟ್ರೈನರನು "ಎಕ್ಸಲೆಂಟ್ ಕ್ವೆಶ್ಚನ್" ಎಂದು ಹೊಗಳಿ, ಸಭೆಯಿಂದ ಚಪ್ಪಾಳೆ ಹೊಡೆಸಿ, ನಿಗದಿಗಿಂತ ಮೊದಲೇ ಟೀ ಬ್ರೇಕ್ ಘೋಷಿಸಿದನು. ಹಾಜರಾತಿ ಕಾಯಲು ಹಿಂದೆ ಕೂತಿದ್ದ ಅಧ್ಯಾಪಕರು (ಇಂಥ ಲಕ್ಷಣ ನಿರೂಪಣೆಗಳನ್ನು ಬರೆಯುವವರು ಬಹುಮಟ್ಟಿಗೆ ಇವರೇ) ಎಲ್ಲರಿಗಿಂತ ಮುಂಚೆ ಬಾಗಿಲು ದಾಟಿದರು. ಆ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ.

ಈ ಟ್ರೈನರನೂ ಹೆಚ್ಚಾಗಿ ಯಾವುದೋ ಹೋಬಳಿಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ, ಇಂಗ್ಲಿಷ್ ಎಂ.ಎ. ಮಾಡಿ, ಅತಿಥಿ ಉಪನ್ಯಾಸಕನಾಗಿ ಗೌರವಧನಕ್ಕೆ ತಿಂಗಳುಗಟ್ಟಲೆ ಕಾದು ಸೋತು, ದಿನದ ಲೆಕ್ಕದಲ್ಲಿ ಏಜೆನ್ಸಿಗೆ ದುಡಿಯುವವನೆಂಬುದು ಬ್ಲೇಜರಿನಿಂದಾಗಿ ಕಾಣುವುದಿಲ್ಲ. ಮೂರು ವರ್ಷ ಯಾವ ತರಗತಿಯಲ್ಲೂ ಬಾಯಿ ಬಿಡದ ಹುಡುಗಿಯನ್ನು ಎದುರು ನಿಲ್ಲಿಸಿ, ನಗುವವರನ್ನು ಗದರಿಸಿ ಸುಮ್ಮನಾಗಿಸಿ, ತಪ್ಪಿದ ವ್ಯಾಕರಣವನ್ನು ಕೇಳಿಯೂ ಕೇಳದವನಂತೆ ಎರಡು ನಿಮಿಷ ಅವಳ ಊರು, ಮನೆ, ಪ್ರಾಜೆಕ್ಟುಗಳ ಬಗ್ಗೆ ಮಾತಾಡಿಸುವವನೂ ಈತನೇ. ಪಠ್ಯಕ್ರಮದಲ್ಲಿ ಇದಕ್ಕೆ ಅಂಕಗಳಿಲ್ಲ, ಅಧ್ಯಾಪಕರಿಗೆ ಇದಕ್ಕೆ ಪುರಸೊತ್ತಿಲ್ಲ.

ಆದ್ದರಿಂದ ಎರಡನೆಯ ದಿನ ಸಂಜೆ ಫೀಡ್‌ಬ್ಯಾಕ್ ಫಾರಂ ಕೈಗೆ ಬಂದಾಗ ವಿದ್ಯಾರ್ಥಿಗಳು ಆ ಸ್ಲೈಡನ್ನು ಮನ್ನಿಸಿ ಐದಕ್ಕೆ ನಾಲ್ಕಾದರೂ ಕೊಡುವುದು ಉಚಿತ, ಏಕೆಂದರೆ ಏಜೆನ್ಸಿಯವರು ಈತನನ್ನು ಮುಂದಿನ ಕಾಲೇಜಿಗೆ ಕಳಿಸುವುದು ಆ ಅಂಕ ನೋಡಿಯೇ.