ನೆಲ ಡೊಂಕು, ಬಿಸಿಲು ಜೋರು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಟೆಕ್ ಫೆಸ್ಟ್ ಹತ್ತಿರ ಬಂತೆಂದರೆ ಹುಡುಗರ ಮೊದಲ ಸಭೆ ಸೇರುವುದು ರೋಬೋಗೆ ಹೆಸರಿಡಲಿಕ್ಕೆ. ಗರುಡನೋ, ರಣಧೀರನೋ? ಕೂಸು ಹುಟ್ಟುವ ಮುಂಚೆಯೇ ಕುಲಾವಿ! ಅಂತೂ ರಣಧೀರ ಅಂತಾಯಿತು. ಅವನು ಮೆರೆಯಬೇಕಾದ ಪರಾಕ್ರಮವೋ, ಬಿಳಿ ಫ್ಲೆಕ್ಸಿನ ಮೇಲೆ ಅಂಟಿಸಿದ ಕಪ್ಪು ಇನ್ಸುಲೇಷನ್ ಟೇಪನ್ನು ಬಿಡದೆ ಹಿಂಬಾಲಿಸುವುದು. ಲೈನ್ ಫಾಲೋವರ್ ಅನ್ನುತ್ತಾರೆ.

ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ದಂಡಯಾತ್ರೆ. ಹಳದಿ ಬಿಒ ಮೋಟರ್ ಎರಡು, ಚಕ್ರ ಎರಡು, ಮುಂದಕ್ಕೊಂದು ಕ್ಯಾಸ್ಟರ್, ಮಿದುಳಿಗೆ ಆರ್ಡುಯಿನೋ, ಮೋಟರ್ ಡ್ರೈವರ್, ಒಂದು ಜೊತೆ ಐಆರ್ ಸೆನ್ಸರ್. ಇಷ್ಟಕ್ಕೇ ನಿಲ್ಲಿಸಿದರೆ ಮರ್ಯಾದೆ ಏನಾಗಬೇಕು? ನೀಲಿ ಎಲ್‌ಇಡಿ ಬೇಕು, ಬಝರ್ ಬೇಕು. ಕೊನೆಗೆ ಜೇಬಿನಲ್ಲಿ ಉಳಿದ ಚಿಲ್ಲರೆಗೆ 9 ವೋಲ್ಟಿನ ಚೌಕ ಬ್ಯಾಟರಿ. ಮಲ್ಟಿಮೀಟರಿಗೆ ಹೇಳಿಮಾಡಿಸಿದ ಆ ಬಡಪಾಯಿಗೆ ಎರಡು ಮೋಟರ್ ತಿರುಗಿಸುವ ತ್ರಾಣವೆಲ್ಲಿ? ಮೋಟರ್ ಶುರುವಾಗುತ್ತಲೇ ವೋಲ್ಟೇಜ್ ಕುಸಿದು ಆರ್ಡುಯಿನೋ ರೀಸೆಟ್. ರಣಧೀರ ಒಂದು ಹೆಜ್ಜೆ ಇಡುತ್ತಾನೆ, ಮೂರ್ಛೆ ಹೋಗುತ್ತಾನೆ, ಎದ್ದು ಇನ್ನೊಂದು ಹೆಜ್ಜೆ ಇಡುತ್ತಾನೆ.

ಯಾರನ್ನೋ ಕಾಡಿ ಬೇಡಿ 18650 ಲಿಥಿಯಂ ಸೆಲ್ ಎರಡು ತಂದು ಹಾಕಿದ ಮೇಲೆ, ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಭರ್ಜರಿ ಓಟ. ಬೆಳಿಗ್ಗೆ ಸ್ಪರ್ಧೆಯಲ್ಲಿ ಮಾತ್ರ ಮೊದಲ ತಿರುವನ್ನೇ ಲೆಕ್ಕಿಸದೆ ನೆಟ್ಟಗೆ ತೀರ್ಪುಗಾರರ ಮೇಜಿಗೇ ಸವಾರಿ!

ಕುಣಿಯಲಾರದವರು ನೆಲ ಡೊಂಕು ಅಂದರಂತೆ. ಇಲ್ಲಿ ಡೊಂಕೇ ಆಟ, ಆ ನೆಪ ನಡೆಯೋಲ್ಲ. ಹಾಗಾಗಿ ನಮ್ಮವರು ಕಿಟಕಿಯ ಬಿಸಿಲನ್ನು ಹಿಡಿದುಕೊಂಡರು. ತಮಾಷೆಯೆಂದರೆ ಅದು ಅಪ್ಪಟ ನಿಜ. ಸೆನ್ಸರ್ ಬಿಡುವ ಇನ್‌ಫ್ರಾರೆಡ್ ಬೆಳಕನ್ನು ಬಿಳಿ ವಾಪಸ್ ಕಳಿಸುತ್ತದೆ, ಕಪ್ಪು ನುಂಗುತ್ತದೆ. ಬಿಸಿಲಲ್ಲೂ ಅದೇ ಬೆಳಕು ಧಾರಾಳವಾಗಿರುವುದರಿಂದ ಸೆನ್ಸರಿಗೆ ಟೇಪೂ ಬಿಳಿ, ಫ್ಲೆಕ್ಸೂ ಬಿಳಿ. ಎರಡೂ ಕಡೆ ಬಿಳಿ ಕಂಡರೆ ನೇರ ಹೋಗು ಎಂದು ಪ್ರೋಗ್ರಾಮ್ ಬರೆದವರೂ ಇವರೇ. ರಣಧೀರ ವಿಧೇಯ, ಹೋದ.

ಸೂರ್ಯನೇನೋ ಎಲ್ಲರಿಗೂ ಒಬ್ಬನೇ. ಗೆದ್ದದ್ದು ಮೊದಲ ವರ್ಷದ ಇಬ್ಬರು ಹುಡುಗಿಯರ ಹೆಸರಿಲ್ಲದ ಗಾಡಿ. ಎಡಗಡೆ ಕಪ್ಪು ಕಂಡರೆ ಎಡಕ್ಕೆ, ಬಲಗಡೆ ಕಂಡರೆ ಬಲಕ್ಕೆ, ಎರಡೂ ಬಿಳಿಯಾದರೆ ನೇರ, ಎರಡೂ ಕಪ್ಪಾದರೆ ನಿಲ್ಲು: ಅದರ ಬುದ್ಧಿಯೆಲ್ಲ ಇಷ್ಟೇ. ಬಂದವರೇ ಸೆನ್ಸರಿನ ಸುತ್ತ ರಟ್ಟಿನ ಮರೆ ಕಟ್ಟಿ, ಸೆನ್ಸರಿನ ಮೇಲಿನ ಪುಟಾಣಿ ಪ್ರಿಸೆಟ್ ತಿರುಪನ್ನು ಅಲ್ಲೇ ತಿರುಗಿಸಿ ಸರಿಮಾಡಿಕೊಂಡಿದ್ದರು.

ಬಿಸಿಲಿನ ಬಗ್ಗೆ ತೀರ್ಪುಗಾರರಿಗೆ ಉಪನ್ಯಾಸ ಕೊಡುತ್ತಿದ್ದ ನಮ್ಮ ಹುಡುಗರ ಹತ್ತಿರ ಬಂದು ಒಬ್ಬಳು ಕೇಳಿದಳು: "ಅಣ್ಣಾ, ಸ್ಕ್ರೂಡ್ರೈವರ್ ಬೇಕಿತ್ತಾ?"